ಕೈಗೊಪ್ಪುವ ಐಸಿಂಗ್

ಆ ಓಣಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕೇಕಕ್ಕ ಎಂದು. ಹೆತ್ತವರು ಇಟ್ಟ ಹೆಸರು ಪೋಸ್ಟ್‌ಮ್ಯಾನ್ ತರುವ ಲಕೋಟೆಗಳ ಮೇಲಷ್ಟೇ ಉಳಿದಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವಳೇ ಒಂದು ಗಳಿಗೆ ತಡೆದು, "ಓ, ನನ್ನನ್ನಾ?" ಎನ್ನುತ್ತಿದ್ದಳು.

ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಗೆ ಒತ್ತಿಕೊಂಡಂತೆ ಒಂದು ಉದ್ದನೆಯ ಮೇಜು, ಅದರ ಮೇಲೆ ಗಿರಗಿರ ತಿರುಗುವ ತಟ್ಟೆ, ಗೋಡೆಯ ಮೊಳೆಗಳಿಗೆ ನೇತುಬಿದ್ದ ಜರಡಿಗಳು, ಹಳೆಯ ಬಿಸ್ಕತ್ತಿನ ಡಬ್ಬಿಯೊಂದರ ತುಂಬ ಐಸಿಂಗ್ ಚೀಲದ ತುದಿಗೆ ಸಿಕ್ಕಿಸುವ ನಾಝಲುಗಳು. ಕೇಕು ಬೇಕು ಎಂದು ಬಂದವರನ್ನು ಅವಳು ಯಾವ ರುಚಿ ಎಂದು ಮೊದಲೇ ಕೇಳುತ್ತಿರಲಿಲ್ಲ. "ತಿನ್ನೋರು ಯಾರು? ಎಲ್ಲಿ ಇಡ್ತೀರಿ? ಎಷ್ಟು ದೂರ ಹೋಗಬೇಕು?" ಎಂದು ವಿಚಾರಿಸುತ್ತಿದ್ದಳು. ಉತ್ತರ ಕೇಳಿ, ಕಿಟಕಿಯಾಚೆ ಒಮ್ಮೆ ನೋಡಿ, ಮೇಲಿನ ಐಸಿಂಗ್ ಯಾವುದೆಂದು ಅವಳೇ ತೀರ್ಮಾನಿಸುತ್ತಿದ್ದಳು. ಮನೆಯೊಳಗೆ ಮಕ್ಕಳು ಸುತ್ತ ನಿಂತು ತಿನ್ನುವ ಕೇಕಿಗೆ ಬೆಣ್ಣೆ ಐಸಿಂಗ್. ಬಿಸಿಲಿರುವ ಅಂಗಳದಲ್ಲಿ ಇಡುತ್ತಾರೆಂದರೆ ಬೆಣ್ಣೆಯ ಮಾತೇ ಬೇಡ, ಅರ್ಧ ಗಂಟೆಯಲ್ಲಿ ಹೂವೆಲ್ಲ ತಲೆ ಬಗ್ಗಿಸಿಬಿಡುತ್ತವೆ. ಅಂಥದಕ್ಕೆ ಕಣಕದಂತೆ ನಾದಿ, ಲಟ್ಟಿಸಿ, ಹೊದಿಕೆಯ ಹಾಗೆ ಹೊದಿಸುವ ಫಾಂಡಂಟೇ ಸರಿ. ದೂರದೂರಿಗೆ ಹೋಗುವುದಾದರೆ ರಾಯಲ್ ಐಸಿಂಗ್: ಮೊಟ್ಟೆಯ ಬಿಳಿಗೆ ಸಕ್ಕರೆ ಪುಡಿ ಹಾಕಿ ಬಡಿದು ಮಾಡುವ, ಒಣಗಿದ ಮೇಲೆ ಸುಣ್ಣದ ಕಡ್ಡಿಯಷ್ಟು ಗಟ್ಟಿಯಾಗುವ ಜಾತಿ. ಒಬ್ಬ ಯುವಕ ಬಂದು ವಿಪ್ಪಿಂಗ್ ಕ್ರೀಮಿನಲ್ಲಿ ನಾಲ್ಕು ಅಂತಸ್ತಿನ ಕೋಟೆ ಕಟ್ಟಿಕೊಡಿ, ಬೈಕಿನಲ್ಲಿ ಒಯ್ಯುತ್ತೇನೆ ಎಂದಿದ್ದ. "ತಗೊಂಡು ಹೋಗಪ್ಪ. ಮನೆ ಮುಟ್ಟಿದ ಮೇಲೆ ಎಲ್ಲರಿಗೂ ಲೋಟ ಕೊಡು, ಕುಡೀಲಿ," ಎಂದು ಕಳಿಸಿದ್ದಳು.

ಈ ವಿದ್ಯೆಯನ್ನು ಯಾರೂ ಅವಳಿಗೆ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಒಂದು ಬೇಕರಿಯಲ್ಲಿ ಪೆಟ್ಟಿಗೆ ಮಡಚುವ ಕೆಲಸಕ್ಕಿದ್ದಳು. ಅಲ್ಲಿ ಐಸಿಂಗ್ ಮಾಡುತ್ತಿದ್ದ ಮುದುಕ ಮಹಾ ಜಿಪುಣ. ಕೆಲಸ ಕದ್ದಾರೆಂದು ಎಲ್ಲರಿಗೂ ಬೆನ್ನು ಹಾಕಿ ನಿಂತೇ ಹೂ ಬಿಡಿಸುತ್ತಿದ್ದ. ಆದರೆ ಅವನ ಎದುರಿಗಿದ್ದ ಓವನ್ನಿನ ಗಾಜಿನ ಬಾಗಿಲಲ್ಲಿ ಅವನ ಕೈ ಚೆನ್ನಾಗಿ ಕಾಣುತ್ತದೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ಹಗಲು ಗಾಜಿನಲ್ಲಿ ಕಂಡದ್ದನ್ನು ಅವಳು ಸಂಜೆ ಮನೆಯಲ್ಲಿ ಬೇಯಿಸಿ ಅರೆದ ಆಲೂಗಡ್ಡೆಯಿಂದ ಮಾಡಿ ನೋಡುತ್ತಿದ್ದಳು. ಬೋರಲು ಹಾಕಿದ ತಟ್ಟೆಯ ಮೇಲೆ ಆಲೂಗಡ್ಡೆಯ ಗುಲಾಬಿ, ಆಲೂಗಡ್ಡೆಯ ಬಳ್ಳಿ. ಮೂರು ತಿಂಗಳು ಮನೆಯಲ್ಲಿ ಬೇರೆ ತರಕಾರಿ ಬೇಯಲಿಲ್ಲ. ಗಂಡ ಸಹಿಸಿಕೊಂಡು ತಿಂದ. "ಇವತ್ತು ಯಾವ ಹೂವು?" ಎಂದಷ್ಟೇ ಕೇಳಿ ತಟ್ಟೆ ಎಳೆದುಕೊಳ್ಳುತ್ತಿದ್ದ.

ಗಂಡನನ್ನು ಊರೆಲ್ಲ ಮೇಸ್ತ್ರಿ ಎನ್ನುತ್ತಿತ್ತು. ಅವನದು ಗಾರೆ ಕೆಲಸ, ಅದರಲ್ಲೂ ನಾಜೂಕಿನದು. ದೊಡ್ಡ ದೊಡ್ಡ ಮನೆಗಳ ಸೀಲಿಂಗಿಗೆ ಬಿಳಿ ಗಾರೆಯಲ್ಲಿ ಹೂಬಳ್ಳಿ ಎಬ್ಬಿಸುವುದು. ಸಾರುವೆಯ ಮೇಲೆ ಅಂಗಾತ ಮಲಗಿ, ಮೂಗಿನ ಮೇಲೆ ಗಾರೆ ಉದುರಿಸಿಕೊಂಡು ಮೂವತ್ತು ವರ್ಷ ದುಡಿದಿದ್ದ. ಆಮೇಲೆ ಮಂಡಿ ಕೈಕೊಟ್ಟಿತು. ಅಷ್ಟರಲ್ಲಿ ಅಚ್ಚಿನಲ್ಲಿ ತೆಗೆದ ರೆಡಿಮೇಡ್ ಹೂಬಳ್ಳಿಗಳು ಅಂಗಡಿಗೆ ಬಂದು ಅವನನ್ನು ಕರೆಯುವವರೂ ಕಡಿಮೆಯಾದರು. ಈಗ ಅವನು ಮುಂದಿನ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತ, ಓದಿದ್ದಕ್ಕಿಂತ ಹೆಚ್ಚಾಗಿ ಅವಳ ಕೆಲಸಕ್ಕೆ ಷರಾ ಬರೆಯುತ್ತ ಕೂತಿರುತ್ತಿದ್ದ.

"ನಾನು ಮಾಡಿದ ಹೂವು ಇವತ್ತಿಗೂ ಹಾಗೇ ಇದೆ. ನಿನ್ನದು ಸಾಯಂಕಾಲದೊಳಗೆ ಮಕ್ಕಳ ಹೊಟ್ಟೇಲಿ," ಎನ್ನುವುದು ಅವನ ಮಾಮೂಲಿ ಮಾತು.

"ಹೊಟ್ಟೆಗಾದ್ರೂ ಹೋಗುತ್ತಲ್ಲ ರೀ. ನಿಮ್ಮದನ್ನ ನೋಡಿದ್ರೆ ಕತ್ತು ಹಿಡ್ಕೊಳ್ಳುತ್ತೆ, ಅಷ್ಟೇ," ಎನ್ನುವುದು ಅವಳ ಮಾಮೂಲಿ ಉತ್ತರ.

ಹೀಗೆ ಇಪ್ಪತ್ತೆರಡು ವರ್ಷ ಅವಳ ಬಲಗೈ ಐಸಿಂಗ್ ತುಂಬಿದ ಚೀಲವನ್ನು ಹಿಂಡುತ್ತಲೇ ಬಂತು. ಆಮೇಲೆ ಒಂದು ಬೆಳಗ್ಗೆ ಎದ್ದಾಗ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಯಾರದೋ ಬೆರಳುಗಳ ಹಾಗೆ ಮರಗಟ್ಟಿದ್ದವು. ಕೊಡವಿಕೊಂಡಳು, ಸರಿಹೋಯಿತು. ಮಾರನೆಯ ದಿನ ಕೊಡವಿದರೂ ಹೋಗಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಟೀ ಲೋಟವನ್ನು ಎಡಗೈಯಲ್ಲಿ ಹಿಡಿಯತೊಡಗಿದಳು. ಕೇಕಿನ ಮೇಲೆ ಹೆಸರು ಬರೆಯುವಾಗ ಅಕ್ಷರಗಳ ಬಾಲ ನಡುಗತೊಡಗಿದಾಗ, "ಇದು ಹೊಸ ಸ್ಟೈಲು," ಎಂದು ನಗಿಸಿ ಕಳಿಸಿದಳು. ಕೊನೆಗೆ ಒಂದು ದಿನ ತುಂಬಿದ ಚೀಲ ಕೈಯಿಂದ ಜಾರಿ ಮುಗಿಯುತ್ತ ಬಂದಿದ್ದ ಕೇಕಿನ ನಡುಮಧ್ಯಕ್ಕೇ ಬಿತ್ತು. ಮೂಲೆಯಲ್ಲಿದ್ದ ಮೇಸ್ತ್ರಿ ಪತ್ರಿಕೆ ಕೆಳಗಿಟ್ಟ. ಷರಾ ಬರೆಯಲಿಲ್ಲ. ಎದ್ದು ಬಂದು ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದ.

"ಇದು ಎಷ್ಟು ದಿನದಿಂದ?"

"ಈಗ ಸ್ವಲ್ಪ..."

"ನನಗೆ ಕಥೆ ಹೇಳ್ಬೇಡ. ಚಪ್ಪಲಿ ಹಾಕ್ಕೋ."

ಆಸ್ಪತ್ರೆಯಲ್ಲಿ ಕೈ ನೋಡಿದ ಡಾಕ್ಟರಮ್ಮ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಹೆಬ್ಬೆರಳಿನ ಬುಡದ ಮಾಂಸಖಂಡ ಸವೆದಿದೆ, ಕೊಯ್ದು ಸಡಿಲ ಮಾಡಬೇಕು ಎಂದರು. ಹಾಗೇ ಆಯಿತು. ಹೊಲಿಗೆ ಬಿಚ್ಚಿದ ದಿನ ಅವಳು ಕೇಳಿದಳು, "ಇನ್ನು ಕೆಲಸ ಮಾಡಬಹುದಲ್ಲ ಡಾಕ್ಟ್ರೇ?"

"ಬರೀರಿ, ತಲೆ ಬಾಚಿಕೊಳ್ಳಿ, ಸೌಟು ಆಡಿಸಿ. ಮುಷ್ಟಿ ಕಟ್ಟಿ ಹಿಂಡೋ ಕೆಲಸ ಮಾತ್ರ ಬೇಡ."

"ಎಷ್ಟು ದಿನ ಬೇಡ?"

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ದಿನದ ಮಾತಲ್ಲ ಅಮ್ಮಾ ಇದು," ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಮೇಸ್ತ್ರಿ ಪಕ್ಕದಲ್ಲಿ ಔಷಧಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಹಿಡಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದ. ಮನೆಯಲ್ಲಿ ಒಂದು ದೊಡ್ಡ ಆರ್ಡರ್ ಕಾದು ಕೂತಿತ್ತು. ಮೂರನೇ ತಿರುವಿನ ದರ್ಜಿ ಮಾವ ಮತ್ತು ಅವನ ಹೆಂಡತಿಗೆ ಮದುವೆಯಾಗಿ ಐವತ್ತು ವರ್ಷ. ಅವರ ಮಗಳು ತಿಂಗಳುಗಳ ಮೊದಲೇ ಬಂದು ಹೇಳಿಹೋಗಿದ್ದಳು. "ಅಪ್ಪನಿಗೆ ಹಲ್ಲಿಲ್ಲ, ಅಮ್ಮನಿಗೆ ಹಟ ಜಾಸ್ತಿ. ಅವಳಿಗೆ ಐವತ್ತು ಗುಲಾಬಿ ಬೇಕಂತೆ, ಒಂದು ಕಡಿಮೆಯಾದ್ರೂ ಎಣಿಸಿ ಹೇಳ್ತಾಳೆ," ಎಂದಿದ್ದಳು.

"ಬೇರೆ ಯಾರ ಹತ್ರಾದ್ರೂ ಮಾಡಿಸ್ಕೊಳ್ಳಿ ಅಂತ ಹೇಳಿಬರಬೇಕು," ಎಂದಳು ಕೇಕಕ್ಕ.

"ಯಾಕೆ? ನಾನು ಒತ್ತುತ್ತೀನಿ. ನೀನು ಹೇಳಿಕೊಡು."

ಅವಳಿಗೆ ಅಷ್ಟು ದಿನಗಳಲ್ಲಿ ಮೊದಲ ಸಲ ನಗು ಬಂತು. "ನೀವಾ?"

"ಯಾಕೆ, ಗಾರೆ ಕಲಸಿದ ಕೈಗೆ ಸಕ್ಕರೆ ಕಲಸೋಕೆ ಬರಲ್ವಾ?"

ಬರಲಿಲ್ಲ. ಮೊದಲ ವಾರ ಮೇಸ್ತ್ರಿ ಬಿಡಿಸಿದ್ದಕ್ಕೆ ಗುಲಾಬಿ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಅವನ ತಂಗಿ, ಅಂದರೆ ಕೇಕಕ್ಕನ ನಾದಿನಿ, ಅತ್ತಿಗೆಯ ಕೈ ನೋಡಿಕೊಂಡು ಹೋಗಲು ಬಂದವಳು ಮೇಜಿನ ಮೇಲಿನ ಸಾಲು ನೋಡಿ, "ಅತ್ತಿಗೇ, ಅಣ್ಣ ಎಲೆಕೋಸು ಚೆನ್ನಾಗಿ ಬೆಳೆಸಿದ್ದಾನೆ," ಎಂದುಬಿಟ್ಟಳು. ಅವನ ಅಂಗೈ ಬೇರೆ ಸದಾ ಬಿಸಿ. ಚೀಲದೊಳಗಿನ ಬೆಣ್ಣೆ ಹತ್ತು ನಿಮಿಷದಲ್ಲಿ ಎಣ್ಣೆಯಾಗುತ್ತಿತ್ತು. ಕೇಕಕ್ಕ ಒಂದು ಬೋಗುಣಿಯಲ್ಲಿ ತಣ್ಣೀರಿಟ್ಟು, ಐದು ಹೂವಿಗೊಮ್ಮೆ ಕೈ ಅದ್ದಿಸಿದಳು.

ಮೇಸ್ತ್ರಿಯ ಮನಸ್ಸು ರಾಯಲ್ ಐಸಿಂಗಿನ ಮೇಲೆ ಬಿತ್ತು. ಅದು ಅವನಿಗೆ ಮೊದಲ ದಿನವೇ ಮಾತು ಕೇಳಿತು. ಬಡಿದ ಹದ, ಒದ್ದೆ ಬಟ್ಟೆ ಮುಚ್ಚಿಡುವುದು, ಒಣಗುವ ಮೊದಲು ಕೆಲಸ ಮುಗಿಸುವ ಅವಸರ ಎಲ್ಲ ಅವನ ಹಳೆಯ ಗಾರೆಯದೇ. ಒಣಗಿದ ಒಂದು ಹೂವನ್ನು ಅವನು ಹೆಮ್ಮೆಯಿಂದ ಉಗುರಿನಲ್ಲಿ ತಟ್ಟಿ ತೋರಿಸಿದ. "ಕೇಳಿಸ್ಕೋ. ಟಣ್ ಅನ್ನುತ್ತೆ. ಇದನ್ನೇ ಹಾಕೋಣ."

"ದರ್ಜಿ ಮಾವನ ವಸಡೂ ಟಣ್ ಅನ್ನುತ್ತೆ ಆಮೇಲೆ."

"ನೆನೆಸಿ ತಿನ್ನಲಿ."

"ರೀ, ಅವರು ಮದುವೆ ಆದ ದಿನ ನೆನೆಸಿಕೊಳ್ಳೋಕೆ ಕೇಕು ತರಿಸ್ತಿರೋದು, ಹೂವು ನೆನೆಹಾಕೋಕೆ ಅಲ್ಲ. ಬೆಣ್ಣೇನೇ ಆಗಬೇಕು. ನಾಲಿಗೆ ಮೇಲಿಟ್ಟರೆ ಕರಗಬೇಕು."

ಮೇಸ್ತ್ರಿ ಗೊಣಗಿಕೊಂಡು ಬೆಣ್ಣೆಗೆ ಬಂದ. ಅವಳು ಅವನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಗಾಯ ಮಾಗುತ್ತಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿಕೊಟ್ಟಳು. "ಹೂವು ಮಾಡೋಕೆ ಹೋಗ್ಬೇಡಿ. ಮೊದಲು ಮೊಗ್ಗು ಕೂರಿಸಿ. ಈಗ ಒಂದೆಸಳು ಅದಕ್ಕೆ ತೋಳು ಹಾಕಲಿ. ಇನ್ನೊಂದು ಅದರ ಹಿಂದಿನಿಂದ ಬರಲಿ. ನಾಝಲ್‌ನ ಅಗಲದ ಕಡೆ ಕೆಳಗೆ, ಸಣ್ಣ ಕಡೆ ಮೇಲೆ. ಉಸಿರು ಬಿಡಿ, ಯಾಕೆ ಕಟ್ಟಿಕೊಂಡಿದ್ದೀರಿ?" ಮೂರನೇ ವಾರದಲ್ಲಿ ಒಂದು ಮಧ್ಯಾಹ್ನ ಅವನ ಕೈಯಿಂದ ಒಂದು ಗುಲಾಬಿ ಇಳಿಯಿತು. ಇಬ್ಬರೂ ಬಗ್ಗಿ ಅದನ್ನು ನೋಡಿದರು. ಅವಳ ಗುಲಾಬಿಗಿಂತ ಅದರ ಎಸಳುಗಳು ತೆಳ್ಳಗೆ, ನಾಜೂಕಾಗಿದ್ದವು. ಅದು ಅವಳಿಗೆ ಕಂಡಿತು. ಅವನಿಗೂ ಕಂಡಿತೋ ಇಲ್ಲವೋ ಗೊತ್ತಿಲ್ಲ.

ದರ್ಜಿ ಮಾವನ ಮನೆಯಲ್ಲಿ ಆ ಕೇಕು ಎಲ್ಲರ ಬಾಯಿ ಮುಚ್ಚಿಸಿತು. ಅವನ ಹೆಂಡತಿ ಕನ್ನಡಕ ಹಾಕಿಕೊಂಡು ಐವತ್ತೂ ಗುಲಾಬಿ ಎಣಿಸಿದಳು. ಆಮೇಲೆ ಒಂದನ್ನು ಬೆರಳ ತುದಿಯಲ್ಲಿ ಎತ್ತಿ ಗಂಡನ ಬಾಯಿಗಿಟ್ಟಳು. ಮುದುಕ ಕಣ್ಣು ಮುಚ್ಚಿಕೊಂಡು ಅದನ್ನು ಕರಗಿಸಿದ.

"ಯಾರ ಕೈ ಇದು?" ಎಂದು ಯಾರೋ ಕೇಳಿದರು.

"ನಮ್ಮ ಮೇಸ್ತ್ರೀದು!"

ಎಲ್ಲರೂ ಮೇಸ್ತ್ರಿಯ ಬೆನ್ನು ತಟ್ಟಿದರು. ಕೇಕಕ್ಕನೂ ನಕ್ಕಳು. ಹೆಮ್ಮೆಯ ನಗೆಯೇ ಅದು, ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಏನೋ ಚುಚ್ಚುತ್ತಿತ್ತು. ಚಪ್ಪಲಿಯೊಳಗೆ ಸಿಕ್ಕ ಕಲ್ಲಿನ ಹಾಗೆ, ನಾಲ್ಕು ಜನರ ಮುಂದೆ ಬಗ್ಗಿ ತೆಗೆಯಲಾಗದಂಥದು.

ಆಮೇಲಿನ ದಿನಗಳಲ್ಲಿ ಅದು ಇನ್ನೂ ಬಲಿಯಿತು. ಫೋನು ಮಾಡಿದವರು, "ಅಕ್ಕ, ಗುಲಾಬಿ ಮೇಸ್ತ್ರೀನೇ ಮಾಡ್ತಾರಲ್ವಾ?" ಎಂದು ಕೇಳತೊಡಗಿದರು. ಅವಳು ಹೌದು ಎನ್ನುವಳು. ಮೊಟ್ಟೆ ಒಡೆಯುವಳು, ಸಕ್ಕರೆ ಜರಡಿಯಾಡುವಳು, ಕೇಕು ಬೇಯಿಸುವಳು, ಬಣ್ಣ ಬೆರೆಸುವಳು. ಚೀಲ ತುಂಬುವ ಹೊತ್ತಿಗೆ ಸರಿದು ಜಾಗ ಕೊಡುವಳು. ಇಪ್ಪತ್ತೆರಡು ವರ್ಷ ಅವಳು ನಿಂತ ಜಾಗದಲ್ಲಿ ನೆಲದ ಬಣ್ಣವೇ ಮಾಸಿತ್ತು. ಅಲ್ಲಿ ಈಗ ಮೇಸ್ತ್ರಿಯ ಪಾದಗಳು.

ಒಂದು ಮಧ್ಯಾಹ್ನ ಮೇಸ್ತ್ರಿ ರಾಯಲ್ ಐಸಿಂಗಿನ ಬಟ್ಟಲಿಗೆ ಒದ್ದೆ ಬಟ್ಟೆ ಮುಚ್ಚುವುದನ್ನು ಮರೆತ. ಬಟ್ಟಲಿನ ಮೇಲೆಲ್ಲ ಹಕ್ಕಳೆ ಕಟ್ಟಿತು. ಅಷ್ಟಕ್ಕೇ ಅವಳು ಸಿಡಿದಳು.

"ಒಂದು ಬಟ್ಟೆ ಮುಚ್ಚೋಕೆ ಆಗಲ್ವಾ? ಎಷ್ಟು ಸಲ ಹೇಳ್ಬೇಕು? ಹೂವು ಬಿಡಿಸಿದ ಕೂಡಲೇ ಎಲ್ಲ ಬಂದುಬಿಡ್ತು ಅನ್ಕೊಂಡ್ರಾ? ದೊಡ್ಡ ಮೇಸ್ತ್ರಿ!"

ಮೇಸ್ತ್ರಿ ಬಟ್ಟಲು ನೋಡಿದ, ಅವಳನ್ನು ನೋಡಿದ. "ಅಷ್ಟೇ ತಾನೇ. ಇನ್ನೊಂದು ಸಲ ಬಡಿದರಾಯ್ತು."

"ಬಡಿಯೋದು ಯಾರು? ನಾನು. ಬಿಡಿಸೋದು ನೀವು."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಮೇಸ್ತ್ರಿ ಕುಂಟುತ್ತ ಹಿಂದೆ ಬಂದು ಬಾಗಿಲಿಗೆ ಒರಗಿದ. ಆಮೇಲೆ ಒಳಗೆ ಬಂದು ನಲ್ಲಿ ನಿಲ್ಲಿಸಿದ.

"ಏನು, ಹೇಳು."

"ಹೊಟ್ಟೆಕಿಚ್ಚು ರೀ," ಎಂದಳು ಅವಳು, ಬೆನ್ನು ತಿರುಗಿಸಿಕೊಂಡೇ. "ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು. ಬೇರೆ ಯಾರಾದ್ರೂ ಆಗಿದ್ದಿದ್ರೆ ಬೈದು ಸಮಾಧಾನ ಮಾಡ್ಕೋತಿದ್ದೆ. ನೀವಾಗಿಬಿಟ್ರಿ. ಬೈಯೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ."

ಮೇಸ್ತ್ರಿ ಅಲ್ಲೇ ಇದ್ದ ಕಾಲುಮಣೆ ಎಳೆದುಕೊಂಡು ಕೂತ. ಮಂಡಿ ಮಡಚುವಾಗ ಅವನ ಮುಖ ಕಿವಿಚಿತು.

"ಅಚ್ಚಿನ ಹೂಬಳ್ಳಿ ಬಂತಲ್ಲ," ಎಂದ. "ಮೊದಲನೇ ಸಲ ನೋಡಿದ್ದು ಒಂದು ವಕೀಲರ ಮನೇಲಿ. ನಾನು ಹದಿನೈದು ದಿನ ಅಂತ ಹೇಳಿದ್ದ ಕೆಲಸ. ಇಬ್ಬರು ಬಂದ್ರು, ಏಣಿ ಹಾಕಿದ್ರು, ಅಂಟಿಸಿದ್ರು, ಊಟದ ಹೊತ್ತಿಗೆ ಮುಗಿಸಿ ಹೊರಟರು. ನಾನು ಕೆಳಗೆ ನಿಂತು ನೋಡ್ತಿದ್ದೆ. ಅವತ್ತು ಮನೆಗೆ ಬಂದೆ. ನೀನು ಅದೇನೋ ದೊಡ್ಡ ಕೇಕು ಮಾಡಿ ಮುಗಿಸಿ, ಮೈಯೆಲ್ಲ ಸಕ್ಕರೆ ಮಾಡ್ಕೊಂಡು ನಗ್ತಾ ನಿಂತಿದ್ದೆ. ಅವತ್ತೇ ಮೊದಲು ಅಂದಿದ್ದು ನಾನು, ನಿನ್ನದು ಸಾಯಂಕಾಲದೊಳಗೆ ಹೊಟ್ಟೇಲಿ ಅಂತ."

ಅವಳು ತಿರುಗಿ ನೋಡಿದಳು.

"ತಮಾಷೆ ಅಂತ ನೀನು ತಗೊಂಡೆ. ನಾನೂ ಆಮೇಲೆ ತಮಾಷೆ ಅಂತಲೇ ಅಂತಿದ್ದೆ. ಅವತ್ತು ಮಾತ್ರ ತಮಾಷೆ ಆಗಿರಲಿಲ್ಲ ಕಣೇ."

ಅವಳು ಕೈ ಒರೆಸಿಕೊಂಡು ಅವನೆದುರಿಗೆ ನೆಲದ ಮೇಲೆ ಕೂತಳು. ಇಬ್ಬರ ಕೆಲಸವನ್ನೂ ತಿಂದುಹಾಕಿದ ಕಾಲವನ್ನು ಬೈದಳೋ, ಅವನನ್ನೇ ಬೈದಳೋ, ಅಂತೂ ಏನೋ ಬೈದಳು. ಅವನು ತಲೆಯಾಡಿಸಿದ. ಆಮೇಲೆ ಅವಳೇ ಕೈ ಹಿಡಿದು ಅವನನ್ನು ಮೇಲೆಬ್ಬಿಸಬೇಕಾಯಿತು, ಎಡಗೈಯಲ್ಲಿ.

ಮಾರನೆಯ ದಿನದಿಂದ ಮೇಸ್ತ್ರಿಗೆ ಒಂದು ಹಟ ಹಿಡಿಯಿತು. ಹಿಂಡಲು ಬಲವೇ ಬೇಡದ ಐಸಿಂಗ್ ಯಾವುದಾದರೂ ಇರಲೇಬೇಕು. ಅವಳ ಕೈಗೆ ಒಪ್ಪುವುದನ್ನು ಹುಡುಕಬೇಕು. ಇಷ್ಟು ವರ್ಷ ತಿನ್ನುವವರ ಹಲ್ಲು, ಬಿಸಿಲು, ದಾರಿ ನೋಡಿ ಐಸಿಂಗ್ ಆರಿಸಿದ್ದಾಯಿತು, ಮಾಡುವವಳ ಕೈ ನೋಡಿ ಯಾಕೆ ಆರಿಸಬಾರದು ಎಂಬುದು ಅವನ ವಾದ. ಅವನು ಒಂದೊಂದು ಬಗೆಯನ್ನೂ ಚಿಕ್ಕ ಬಟ್ಟಲುಗಳಲ್ಲಿ ಕಲಸಿ, ತನ್ನ ಎಡಗೈಯ ಎರಡೇ ಬೆರಳಲ್ಲಿ ಚೀಲ ಒತ್ತಿ ಪರೀಕ್ಷಿಸುವನು. ರಾಯಲ್ ಐಸಿಂಗ್ ಜಗ್ಗಲೇ ಇಲ್ಲ. ಅವನ ಪ್ರೀತಿಯದಾದರೂ ಅದನ್ನು ಮೊದಲು ಪಕ್ಕಕ್ಕಿಟ್ಟ. ಫಾಂಡಂಟನ್ನು ಹಿಂಡಬೇಕಿಲ್ಲ ನಿಜ, ಆದರೆ ನಾದುವುದು ಅದಕ್ಕಿಂತ ಕಷ್ಟ; ಅದೂ ಹೋಯಿತು. ಸಕ್ಕರೆಗೆ ನೀರು ಬೆರೆಸಿದ ತೆಳು ಐಸಿಂಗ್ ತಾನಾಗಿ ಹರಿಯುತ್ತಿತ್ತು, ಆದರೆ ಹರಿಯುವುದಷ್ಟೇ ಅದಕ್ಕೆ ಗೊತ್ತು, ನಿಲ್ಲುವುದು ಗೊತ್ತಿಲ್ಲ. ಬಿಸಿ ಕ್ರೀಮಿಗೆ ಚಾಕಲೇಟು ಕರಗಿಸಿ ಸುರಿಯುವುದು ಚೆನ್ನಾಗೇ ಬಂತು. ಕೇಕಕ್ಕ ಮೂಗು ಮುರಿದಳು. "ಸುರಿಯೋದು ಒಂದು ಕೆಲಸವೇನ್ರೀ? ಅದನ್ನ ಹಾಲಿನವನೂ ಮಾಡ್ತಾನೆ."

ಉಳಿದದ್ದು ವಿಪ್ಪಿಂಗ್ ಕ್ರೀಮು. ಅದು ಗಾಳಿಯಷ್ಟು ಹಗುರ. ಚೀಲ ಮುಟ್ಟಿದರೆ ಸಾಕು, ಹೊರಗೆ ಬರುತ್ತಿತ್ತು. ಮೇಸ್ತ್ರಿಗೆ ಗೆದ್ದ ಸಂಭ್ರಮ. ಅವಳ ಕೈಗೆ ಚೀಲ ಕೊಟ್ಟ. ಅವಳು ಅದೆಷ್ಟೋ ತಿಂಗಳ ನಂತರ ತನ್ನ ಜಾಗದಲ್ಲಿ ನಿಂತು ಒಂದು ಹೂವು ಬಿಡಿಸಿದಳು, ಎರಡು ಬಿಡಿಸಿದಳು. ನಾಲ್ಕನೆಯದು ಬಿಡಿಸುವಾಗ ಮೊದಲನೆಯದು ಕುಸಿಯುತ್ತ ಬಂತು. ಕೋಣೆಯ ಸೆಕೆಗೆ ಕ್ರೀಮು ತಡೆಯುವಂತಿರಲಿಲ್ಲ.

"ಇದು ನೊರೆ ರೀ," ಎಂದಳು. "ನನಗೆ ನೊರೆಯಲ್ಲಿ ಆಟ ಆಡೋ ವಯಸ್ಸಲ್ಲ."

"ಫ್ರಿಜ್ಜಲ್ಲಿಟ್ಟು..."

"ಸಾಕು ಬಿಡಿ. ನೀವು ಮಾಡಿ, ನಾನು ಕಲಸಿಕೊಡ್ತೀನಿ. ಇಷ್ಟರಲ್ಲೇ ಸುಖವಾಗಿರೋಣ."

ಮೇಸ್ತ್ರಿ ಪೆಚ್ಚಾಗಿ ಮೂಲೆಯ ಕುರ್ಚಿಗೆ ಹೋದ. ಅವಳು ಮೇಜು ಒಪ್ಪ ಮಾಡತೊಡಗಿದಳು. ಬೆಣ್ಣೆ ಐಸಿಂಗಿನ ಬಟ್ಟಲಿನ ಅಂಚನ್ನು ಸವರುವ ಚಾಕುವಿನಿಂದ ಬಳಿದಳು. ಅದು ಚಪ್ಪಟೆಯಾದ, ಮೊಂಡು ತುದಿಯ ಉದ್ದನೆಯ ಚಾಕು. ಕೇಕಿನ ಮೈಗೆ ಐಸಿಂಗ್ ಹಚ್ಚಲು ಇಟ್ಟುಕೊಂಡದ್ದು. ತುದಿಗೆ ಹತ್ತಿದ ಮುದ್ದೆಯನ್ನು ಒಂದು ಖಾಲಿ ತಟ್ಟೆಯ ಮೇಲೆ ಒತ್ತಿ, ತನ್ನ ಕಡೆಗೆ ಎಳೆದು ಬಿಟ್ಟಳು. ಚಾಕು ಎದ್ದಾಗ ತಟ್ಟೆಯ ಮೇಲೆ ಒಂದು ಎಸಳು ಉಳಿದಿತ್ತು. ಹೊರಗಿನ ಅಂಚು ದಪ್ಪ, ಒಳಕ್ಕೆ ಬರಬರುತ್ತ ತೆಳು, ನಡುವೆ ಒಂದು ಗೆರೆ.

ಅವಳು ಅದನ್ನು ನೋಡಿದಳು. ಇನ್ನೊಂದಷ್ಟು ಐಸಿಂಗ್ ತೆಗೆದುಕೊಂಡು ಅದರ ಪಕ್ಕದಲ್ಲೇ ಒತ್ತಿ ಎಳೆದಳು. ಈ ಸಲ ಬೇಕೆಂದೇ. ಐದು ಎಸಳಾಗುವ ಹೊತ್ತಿಗೆ ಬೆನ್ನ ಹಿಂದೆ ಮೇಸ್ತ್ರಿ ಬಂದು ನಿಂತಿದ್ದ. ಅವನು ಬಂದದ್ದು ಅವಳಿಗೆ ಗೊತ್ತಾಗಿರಲಿಲ್ಲ.

"ಇನ್ನೊಂದು ಹಾಕು," ಎಂದ.

ಹಾಕಿದಳು.

"ನೋವಿದೆಯಾ?"

"ಹಿಂಡಬೇಕಿಲ್ಲವಲ್ಲ. ಇಡೋದು, ಎಳೆಯೋದು. ಅಷ್ಟೇ."

"ಸುಳ್ಳು ಹೇಳ್ಬೇಡ. ಹೆಬ್ಬೆರಳು ಬೆಳ್ಳಗಾಗಿದೆ ನೋಡು. ಹಿಡಿಕೆ ಸಣ್ಣದಾಯ್ತು. ಸಣ್ಣ ಹಿಡಿಕೆ ಆದಷ್ಟೂ ಬೆರಳು ಬಿಗಿ ಹಿಡೀಬೇಕು. ನಮ್ಮ ಗಾರೆ ಬಳಿಯೋ ಕರಣೆಗೂ ಹಾಗೇ." ಅವನು ಒಳಗೆ ಹೋಗಿ ಒಂದು ಹಳೆಯ ಟವೆಲನ್ನು ಉದ್ದುದ್ದಕ್ಕೆ ಹರಿದು ತಂದ. ಚಾಕುವಿನ ಹಿಡಿಕೆಗೆ ಆ ಪಟ್ಟಿಯನ್ನು ಸುತ್ತಿದ, ಅವಳ ಕೈಗಿಟ್ಟು ನೋಡಿದ, ಬಿಚ್ಚಿದ, ಇನ್ನೆರಡು ಸುತ್ತು ಸೇರಿಸಿದ, ಮತ್ತೆ ಕೈಗಿಟ್ಟ. ಬೆರಳುಗಳು ಮುಚ್ಚಿಕೊಳ್ಳದೆ, ಸುಮ್ಮನೆ ಅದರ ಮೇಲೆ ಒರಗುವಷ್ಟು ದಪ್ಪವಾಗುವ ತನಕ ಅವನು ಬಿಡಲಿಲ್ಲ. ಕೊನೆಗೆ ದಾರದಿಂದ ಬಿಗಿದು ಗಂಟು ಹಾಕಿ, ಉಳಿದ ದಾರವನ್ನು ಹಲ್ಲಿನಿಂದ ಕಡಿದ.

"ಈಗ?"

ಅವಳು ಒಂದೆಸಳು ಎಳೆದಳು. ಅದರ ಪಕ್ಕಕ್ಕೇ ಇನ್ನೊಂದು, ಮತ್ತೊಂದು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಚಾಕುವನ್ನೂ ಒಯ್ದು ಡಾಕ್ಟರಮ್ಮನ ಎದುರು ಗಾಳಿಯಲ್ಲೇ ಎಳೆದು ತೋರಿಸಿದಳು. ಅವರು ಅವಳ ಮಣಿಕಟ್ಟು ಹಿಡಿದು, ಹಾಗೆ ಎಳೆಯುವಾಗ ಏನಾಗುತ್ತದೆ ಎಂದು ನೋಡಿ, "ಅರ್ಧ ಗಂಟೆ ಮಾಡಿ, ಬಿಡಿ, ಮತ್ತೆ ಮಾಡಿ," ಎಂದರು. ಅವರ ಬಾಯಿಂದ ಅದು ಅಪ್ಪಣೆಯೇ ಸರಿ.

ಆದರೆ ಗುಲಾಬಿಗೆಂದು ಹೊಸದಾಗಿ ಕಲಸಿದ ಬೆಣ್ಣೆ ಚಾಕುವಿಗೆ ಗಟ್ಟಿಯಾಯಿತು. ಎಳೆದಲ್ಲಿ ಎಸಳು ಹರಿಯುತ್ತಿತ್ತು. ಹಾಲು ಬೆರೆಸಿದರೆ ಸಡಿಲವಾಯಿತು, ಅಂಚು ನಿಲ್ಲಲಿಲ್ಲ. ಹದ ಸಿಗಲು ಹದಿನೈದು ದಿನ ಬೇಕಾಯಿತು. ಒಂದು ಚಮಚ ಹಾಲು, ಒಂದೂವರೆ, ಎರಡು. ಬಡಿಯುವುದು ಐದು ನಿಮಿಷ, ಹತ್ತು ನಿಮಿಷ. ಮೇಸ್ತ್ರಿ ಪ್ರತಿ ಬಟ್ಟಲಿಗೂ ಪೆನ್ಸಿಲಿನಲ್ಲಿ ಚೀಟಿ ಬರೆದು ಅಂಟಿಸಿದ. ಅವನು ಎರಡು ಚಮಚ ಎಂದರೆ ಅವಳು ಒಂದೂವರೆ ಎನ್ನುವಳು. ನಾದಿನಿಯನ್ನು ಕರೆದು ತೀರ್ಪು ಕೇಳಿದರೆ ಅವಳು ಎರಡೂ ಬಟ್ಟಲನ್ನು ಬೆರಳಿಂದ ಬಳಿದು ತಿಂದು, "ಎರಡೂ ಚೆನ್ನಾಗಿದೆ," ಎಂದು ಜಗಳವನ್ನು ಅಲ್ಲೇ ಬಿಟ್ಟು ಹೋದಳು. ಕೊನೆಗೆ ನಿಂತದ್ದು ಒಂದೂವರೆ ಚಮಚ, ಬೆಣ್ಣೆ ಬೆಳ್ಳಗಾಗುವ ತನಕ ಮೆಷಿನ್ನಿನಲ್ಲಿ ಬಡಿತ. ಚಾಕುವಿನಿಂದ ಗುಲಾಬಿ ಬರುತ್ತಿರಲಿಲ್ಲ. ಅಗಲ ಎಸಳಿನ, ಹೆಸರಿಲ್ಲದ ಹೂಗಳು ಬರುತ್ತಿದ್ದವು. ಗಾಳಿಗೆ ಒಂದು ಕಡೆ ವಾಲಿದಂಥವು.

ಆ ಹೂವಿನ ಮೊದಲ ಕೇಕು ಆಸ್ಪತ್ರೆಗೇ ಹೋಯಿತು. ಅವಳ ಗಾಯಕ್ಕೆ ಪಟ್ಟಿ ಬದಲಿಸುತ್ತಿದ್ದ ನರ್ಸಮ್ಮನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವಳ ಜೊತೆಯವರು ಬಂದು ಕೇಕು ಕೇಳಿದರು. ಕೇಕಕ್ಕ ವಿಚಾರಿಸಿಕೊಂಡಳು: ತಿನ್ನುವವರು ಡ್ಯೂಟಿಯ ನಡುವೆ ನಿಂತೇ ತಿನ್ನುತ್ತಾರೆ, ತಟ್ಟೆ ಚಮಚ ಇರುವುದಿಲ್ಲ, ಕೈ ಅಂಟಾದರೆ ತೊಳೆಯಲು ಪುರುಸೊತ್ತಿಲ್ಲ. ಹಾಗಾದರೆ ಐಸಿಂಗ್ ತೆಳ್ಳಗಿರಬೇಕು, ಮೈಗೆ ಒಂದು ಪದರ, ಮೇಲೊಂದು ಕಡೆಗಷ್ಟೇ ಹೂವು. ಆ ದಿನ ಮೇಸ್ತ್ರಿ ಚೀಲ ಮುಟ್ಟಲಿಲ್ಲ. ಅವಳೆದುರು ಕೂತು ತಿರುಗುವ ತಟ್ಟೆಯನ್ನು ಮಾತ್ರ ಅವಳು ಹೇಳಿದಷ್ಟು ತಿರುಗಿಸಿದ.

"ನಿಧಾನ ರೀ. ಇದು ಚಕ್ರ ಅಲ್ಲ."

"ಸರಿಯಮ್ಮ."

"ಇನ್ನೊಂಚೂರು. ಸಾಕು. ಸಾಕು ಅಂದೆ!"

ಅರ್ಧ ಗಂಟೆಗೊಮ್ಮೆ ಅವನೇ ಗಡಿಯಾರ ನೋಡಿ ಚಾಕು ಕಸಿದುಕೊಳ್ಳುತ್ತಿದ್ದ. ಹನ್ನೊಂದು ಹೂವಿಗೆ ಇಡೀ ಬೆಳಗ್ಗೆ ಹಿಡಿಯಿತು. ಮೊದಲಾದರೆ ಅಷ್ಟು ಹೊತ್ತಿನಲ್ಲಿ ಅವಳು ನೂರು ಬಿಡಿಸುತ್ತಿದ್ದಳು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಅವಳಿಗೆ ತನ್ನ ಕೈ ದಣಿದದ್ದು ತಿಳಿಯಿತು. ಆ ದಣಿವು ಇಷ್ಟು ದಿನ ಎಲ್ಲೋ ಹೋಗಿದ್ದ ನೆಂಟನ ಹಾಗೆ ಬಂದಿತ್ತು. ಅವಳಿಗೆ ಅದನ್ನು ಕಂಡು ಸಂತೋಷವೇ ಆಯಿತು.

ನರ್ಸಮ್ಮ ಪೆಟ್ಟಿಗೆ ತೆರೆದು, ಕೇಕಿಗಿಂತ ಮೊದಲು ಕೇಕಕ್ಕನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. ಗಾಯದ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದಳು. "ಇದೇ ಕೈಯಾ?" ಎಂದಳು.

"ಇದೇ."

ಮೇಸ್ತ್ರಿ ಸ್ವಲ್ಪ ದೂರದಲ್ಲಿ, ಕಾರಿಡಾರಿನ ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದ. ಮೇಲಿನ ಸೀಲಿಂಗನ್ನು ನೋಡುವವನ ಹಾಗೆ ಮುಖ ಎತ್ತಿಕೊಂಡಿದ್ದ. ಅಲ್ಲಿ ನೋಡುವಂಥದು ಏನೂ ಇರಲಿಲ್ಲ, ಬರೀ ಸುಣ್ಣ.

ಈಗ ಇಬ್ಬರೂ ಒಂದೇ ಮೇಜಿನ ಎರಡು ಕೊನೆಯಲ್ಲಿ ಕೆಲಸ ಮಾಡುತ್ತಾರೆ. ಗುಲಾಬಿ ಬೇಕಾದವರಿಗೆ ಗುಲಾಬಿ, ಎಳೆದ ಹೂವು ಬೇಕಾದವರಿಗೆ ಅದು. ಯಾರಾದರೂ ಎರಡೂ ಬೇಕೆಂದರೆ ಮಾತ್ರ ಜಗಳ. ಯಾವುದು ಮೇಲಿರಬೇಕು, ಯಾವುದು ಬದಿಗಿರಬೇಕು ಎಂದು ಓಣಿಗೆಲ್ಲ ಕೇಳುತ್ತದೆ. ಚಳಿ ಇರುವ ಬೆಳಗ್ಗೆ ಅವಳ ಬೆರಳುಗಳು ಬೇಗ ಬಗ್ಗುವುದಿಲ್ಲ. ಅಂಥ ದಿನ ಮೇಸ್ತ್ರಿ ಎಲ್ಲಕ್ಕೂ ಮೊದಲು ನೀರು ಕಾಯಿಸಿ, ಮೊಣಕೈ ಅದ್ದಿ ಬಿಸಿ ನೋಡಿ, ಬೋಗುಣಿಯನ್ನು ಅವಳ ಮುಂದೆ ತಂದಿಡುತ್ತಾನೆ. ಅವಳು ಕೈ ಮುಳುಗಿಸಿ ಕೂರುತ್ತಾಳೆ. ಅಷ್ಟು ಹೊತ್ತೂ ಬೆಣ್ಣೆ ಹೊರಗೆ ಮೆದುವಾಗುತ್ತಿರುತ್ತದೆ.

"ಇವತ್ತು ಯಾರದು?" ಎಂದು ಅವನು ಕೇಳುತ್ತಾನೆ.

"ಮೂಲೆಮನೆ ಡ್ರೈವರಣ್ಣನ ಮಗಳದು. ಮೊದಲನೇ ವರ್ಷ."

"ಹಲ್ಲು?"

"ನಾಲ್ಕು ಬಂದಿದೆಯಂತೆ."

"ಹಾಗಾದ್ರೆ ಬೆಣ್ಣೆ," ಎನ್ನುತ್ತ ಮೇಸ್ತ್ರಿ ಟವೆಲು ತಂದು, ಅವಳ ಕೈಯನ್ನು ನೀರಿನಿಂದ ಎತ್ತಿ, ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸುತ್ತಾನೆ.